ಟೆಲಿಫೋನಮ್ಮ ಮತ್ತು ಉಸಿರಾಡುವ ಮನೆ

ಟೆಲಿಫೋನಮ್ಮ ಮಗನ ಮನೆ ಬಿಟ್ಟು ಮಗಳ ಮನೆ ಸೇರಿದ್ದು ಜಗಳ ಆಡಿಕೊಂಡಲ್ಲ, ಮಂಡಿ ನೋವು ತಾಳಲಾರದೆ. ಮಗ ಎಸಿ ಮಾರುವವನು. ಅವನ ಅಂಗಡಿ ಎಷ್ಟು ತಂಪೋ ಮನೆಯೂ ಅಷ್ಟೇ ತಂಪು. ಹೊರಗೆ ಡಾಂಬರು ಕರಗಿ ಚಪ್ಪಲಿಗೆ ಅಂಟುವಂಥ ಬಿಸಿಲಿದ್ದರೆ, ಒಳಗೆ ಇವರು ಸ್ವೆಟರು, ಕಾಲುಚೀಲ ಹಾಕಿಕೊಂಡು ಸೋಫಾದ ಮೂಲೆಯಲ್ಲಿ ಮುದುಡಿ ಕೂತಿರಬೇಕಾಗಿತ್ತು. "ಸ್ವಲ್ಪ ಕಡಿಮೆ ಮಾಡೋ" ಎಂದರೆ ಮಗ, "ಅಮ್ಮ, ನಮ್ಮನೆ ಅಂದ್ರೆ ಶೋರೂಮ್ ಇದ್ದ ಹಾಗೆ. ಬಂದವರು ಇಲ್ಲೇ ಬೆವತುಬಿಟ್ರೆ ನನ್ನ ಹತ್ರ ಯಾರು ಕೊಂಡ್ಕೋತಾರೆ?" ಎನ್ನುತ್ತಿದ್ದ. ಒಂದು ದಿನ ಮಂಡಿ ಮಡಿಸಲೂ ಬಾರದೆ ಬಿಡಿಸಲೂ ಬಾರದೆ ನಡುವೆ ನಿಂತುಬಿಟ್ಟಾಗ ಮಗಳು ಬಂದು ಕಾರಿನಲ್ಲಿ ಕೂರಿಸಿಕೊಂಡು ಹೋದಳು. "ಎರಡು ವಾರ ಇದ್ದು ಬರ್ತೀನಿ" ಎಂದು ಹೊರಟವರು ಆಮೇಲೆ ತಿರುಗಿ ಹೋಗುವ ಮಾತೇ ಎತ್ತಲಿಲ್ಲ.

ಅವರಿಗೆ ಆ ಹೆಸರು ಬಂದದ್ದು ನೌಕರಿಯಿಂದ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಯಾರಿಗೆ ಯಾರ ಲೈನು ಬೇಕೋ ಜೋಡಿಸಿ ಕೊಡುವುದು ಅವರ ಕೆಲಸ. ಆ ಊರಿನ ಅರ್ಧ ಮದುವೆಗಳು, ಮುಕ್ಕಾಲು ಪಾಲು ಜಗಳಗಳು ಅವರ ಕಿವಿಯನ್ನು ದಾಟಿಯೇ ಮುಂದೆ ಹೋಗಿದ್ದವು. ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಕು ಎಂಬುದು ಅಲ್ಲಿನ ನಿಯಮ. ಅದನ್ನು ಅವರು ಒಮ್ಮೆಯೂ ಮುರಿದವರಲ್ಲ. ನಿವೃತ್ತಿಯಾದಾಗ ಅವರನ್ನು ಕಾಡಿದ್ದು ಸಂಬಳ ನಿಂತದ್ದಲ್ಲ, ಸುದ್ದಿ ನಿಂತದ್ದು. ತಾವಾಗಿ ಬಂದು ಕಿವಿಗೆ ಬೀಳುತ್ತಿದ್ದ ಮಾತುಗಳನ್ನೆಲ್ಲ ಈಗ ಬಾಯಿಬಿಟ್ಟು ಕೇಳಿ ಪಡೆಯಬೇಕು. ಕೇಳಿದರೂ ಜನ ನಿಜ ಹೇಳುವುದಿಲ್ಲ.

ಮಗಳು ಹಲ್ಲಿನ ಡಾಕ್ಟರು. ಅಳಿಯ ಆರ್ಕಿಟೆಕ್ಟು. ಎಸಿ, ಫ್ಯಾನು ಯಾವುದೂ ಇಲ್ಲದೆ ಕಟ್ಟಡವನ್ನು ತಂಪಾಗಿಡಬೇಕೆಂಬ ಹುಚ್ಚು ಅವನಿಗೆ. ಆ ಹುಚ್ಚಿನ ಮೊದಲ ಫಲವೇ ಈ ಮನೆ. ಗೋಡೆಗಳು ಮಣ್ಣಿನ ಇಟ್ಟಿಗೆಯವು. ಮಾಳಿಗೆಯ ಮೇಲೆ ಬಿಸಿ ಗಾಳಿ ಹೊರಗೆ ಹೋಗಲು ಎತ್ತರದ ಗೂಡು. ಹಿತ್ತಲಲ್ಲಿ ಒಂದಾಳು ಆಳದಲ್ಲಿ ಹೂತಿಟ್ಟ ಮಣ್ಣಿನ ಕೊಳವೆಗಳು. ಹೊರಗಿನ ಗಾಳಿ ಕೊಳವೆಯೊಳಗೆ ನುಗ್ಗಿ, ನೆಲದಡಿ ಹರಿಯುತ್ತಾ ತಣ್ಣಗಾಗಿ, ಪ್ರತಿ ಕೋಣೆಯ ಗೋಡೆಯ ಬುಡದಲ್ಲಿರುವ ತಟ್ಟೆಯಗಲದ ಕಿಂಡಿಯಿಂದ ಒಳಗೆ ಬರುತ್ತಿತ್ತು. ಅಳಿಯ ಇದಕ್ಕೆ 'ಉಸಿರಾಡುವ ಮನೆ' ಎಂದು ಹೆಸರಿಟ್ಟಿದ್ದ. ಬಂದವರಿಗೆಲ್ಲ ವಿವರಿಸಿ ವಿವರಿಸಿ ಅವನಿಗೂ ದಣಿವಿಲ್ಲ, ಅದಕ್ಕೂ ಕೊನೆಯಿಲ್ಲ.

ಮಗನಿಗೆ ಮಾತ್ರ ಇದನ್ನು ಕಂಡರೆ ಮೈಯೆಲ್ಲ ಉರಿ.

"ಭಾವ, ನೀವು ಕಟ್ಟಿರೋದು ಮನೆಯಲ್ಲ, ಹೆಗ್ಗಣದ ಬಿಲ."

"ಆದ್ರೂ ನಿಮ್ಮಮ್ಮ ಬಿಲ ಹುಡುಕ್ಕೊಂಡು ಬಂದ್ರಲ್ಲಪ್ಪ. ನಿನ್ನ ಡಬ್ಬ ಒಂದು ಕೋಣೆ ತಂಪು ಮಾಡೋಕೆ ಇಡೀ ಬೀದೀನ ಬಿಸಿ ಮಾಡುತ್ತೆ. ನೀನು ತಣ್ಣಗೆ ಮಲಗಿದ್ರೆ ಪಕ್ಕದ ಮನೆಯವರು ಬೆವರ್ತಾ ಇರ್ತಾರೆ."

"ಅವರೂ ಒಂದು ತಗೊಳ್ಳಲಿ. ಬೇಡ ಅಂದವರು ಯಾರು?"

ಭಾವ ಭಾವಮೈದ ಸೇರಿದಾಗಲೆಲ್ಲ ಇದೇ ರಾಮಾಯಣ. ಟೆಲಿಫೋನಮ್ಮ ಯಾರ ಪರವೂ ವಹಿಸುತ್ತಿರಲಿಲ್ಲ. ಇಬ್ಬರ ಮಾತೂ ಮುಗಿಯಲಿ ಎಂದು ಕಾದು ತಟ್ಟೆ ಎತ್ತಿಕೊಂಡು ಹೋಗುತ್ತಿದ್ದರು.

ಅಳಿಯ ಅತ್ತೆಗೆ ಕೊಟ್ಟದ್ದು ಮನೆಯ ಹಿಂಬದಿಯ ಕೋಣೆ. ಎಲ್ಲ ಕೋಣೆಗಳ ಕೊಳವೆಗಳೂ ನೆಲದಡಿ ಒಂದು ಕಡೆ ಕೂಡುತ್ತಿದ್ದವು, ಆ ಕೂಡುವ ಜಾಗ ಸರಿಯಾಗಿ ಈ ಕೋಣೆಯ ಕೆಳಗಿತ್ತು. ಹಾಗಾಗಿ ಇದೇ ಎಲ್ಲಕ್ಕಿಂತ ತಂಪು, ಆದರೆ ಎಸಿಯ ಹಾಗೆ ಮಂಡಿ ಕೊರೆಯುವ ತಂಪಲ್ಲ. ಮೊದಲ ದಿನ ಮಧ್ಯಾಹ್ನ ಟೆಲಿಫೋನಮ್ಮ ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಲಗಿದ್ದಾರೆ, ಕಾಲ ಬಳಿಯ ಕಿಂಡಿಯಿಂದ ಮಗಳ ದನಿ ಬಂತು.

"ಅಮ್ಮ ಕಾಫಿಗೆ ಎಷ್ಟೊಂದು ಸಕ್ಕರೆ ಹಾಕ್ತಾಳೆ ರೀ. ನಾನು ಹೇಗೆ ಕುಡೀಲಿ? ಹೇಳೋಕೂ ಆಗಲ್ಲ."

ಟೆಲಿಫೋನಮ್ಮ ಎದ್ದು ಕೂತರು. ಬಾಗಿಲು ತೆರೆದು ನೋಡಿದರು, ಯಾರೂ ಇಲ್ಲ. ಅಡಿಗೆಮನೆ ಮನೆಯ ಇನ್ನೊಂದು ತುದಿಯಲ್ಲಿತ್ತು. ಮತ್ತೆ ಬಂದು ಕಿಂಡಿಯ ಮುಂದೆ ಬಗ್ಗಿದರು. ಈ ಸಲ ಅಳಿಯನ ದನಿ. ಚಮಚ ಲೋಟಕ್ಕೆ ತಾಗಿದ ಸದ್ದೂ ಸ್ಪಷ್ಟವಾಗಿ ಕೇಳಿಸಿತು. ಎಷ್ಟೋ ವರ್ಷಗಳಿಂದ ಬರಡಾಗಿದ್ದ ಅವರ ಕಿವಿಗಳಿಗೆ ಮತ್ತೆ ಜೀವ ಬಂದ ಹಾಗಾಯಿತು. ಮಂಡಿ ನೋವನ್ನೂ ಮರೆತು ನೆಲದ ಮೇಲೆ ಕೂತುಬಿಟ್ಟರು.

ಮರುದಿನ ಕಾಫಿಗೆ ಸಕ್ಕರೆ ಕಡಿಮೆಯಾಯಿತು. ಮಗಳು ಒಂದು ಗುಟುಕು ಕುಡಿದು ತಾಯಿಯ ಮುಖ ನೋಡಿದಳು. ಟೆಲಿಫೋನಮ್ಮ ಏನೂ ಅರಿಯದವರ ಹಾಗೆ ಕಿಟಕಿಯಾಚೆ ನೋಡಿದರು.

ಅಲ್ಲಿಂದ ಮುಂದೆ ಮನೆಯಲ್ಲಿ ಪವಾಡಗಳ ಸರಮಾಲೆಯೇ ನಡೆಯಿತು. ಅಳಿಯ ಆಫೀಸು ಕೋಣೆಯಲ್ಲಿ "ಥೂ, ಬೆನ್ನು ಬಿದ್ದುಹೋಯ್ತು" ಎಂದು ಗೊಣಗಿದರೆ, ಸಂಜೆಗೆ ಅವನ ಕುರ್ಚಿಯ ಮೇಲೆ ದಿಂಬು ಬಂದಿರುತ್ತಿತ್ತು. ಮಗಳು ಫೋನಿನಲ್ಲಿ ಗೆಳತಿಯ ಹತ್ತಿರ ತಲೆನೋವೆಂದರೆ, ಕ್ಲಿನಿಕ್ಕಿಗೆ ಹೊರಡುವ ಹೊತ್ತಿಗೆ ಮಾತ್ರೆ, ನೀರು ಸಿದ್ಧ. "ಅತ್ತೆಗೆ ಮನಸ್ಸು ಓದೋ ವಿದ್ಯೆ ಗೊತ್ತಿದೆ" ಎಂದು ಅಳಿಯ ಎಲ್ಲರ ಹತ್ತಿರ ಹೇಳಿಕೊಂಡು ಬಂದ. ಬೇಸರದ ಮಾತುಗಳೂ ಬೀಳುತ್ತಿದ್ದವೆನ್ನಿ. ಅಮ್ಮ ಟವೆಲು ಒಣಗಿಸುವ ರೀತಿ, ಅಮ್ಮ ಒಂದೇ ಕಥೆಯನ್ನು ಮೂರು ಸಲ ಹೇಳುವುದು, ಇವೆಲ್ಲ ಬಂದವು. ಆದರೆ ಒಂದು ಸಂಜೆ ಮಗಳು ಗಂಡನಿಗೆ, "ಅಮ್ಮ ಬಂದ್ಮೇಲೆ ಮನೆ ಮನೆ ಥರ ಆಗಿದೆ ಅಲ್ವಾ? ಹಾಗಂತ ಅವಳ ಮುಂದೆ ಹೇಳ್ಬೇಡಿ, ತಲೆ ಮೇಲೆ ಹತ್ತಿ ಕೂರ್ತಾಳೆ" ಎಂದದ್ದೂ ಅದೇ ಕಿಂಡಿಯಿಂದ ಬಂತು. ಆ ದಿನ ಟೆಲಿಫೋನಮ್ಮ ಊಟಕ್ಕೆ ಕೂತಾಗ ಮುಖ ಬಿಗಿಹಿಡಿಯಲು ಪಟ್ಟ ಪಾಡು ಅವರಿಗೇ ಗೊತ್ತು.

ಮನೆಯ ಗುಟ್ಟು ಬೇರೆ ಯಾರಿಗೂ ತಿಳಿಯಲಿಲ್ಲ. ಉಳಿದ ಕೋಣೆಗಳಿಗೆ ಮಾತು ಅಷ್ಟು ಬಿಡಿಯಾಗಿ ತಲುಪುತ್ತಿರಲಿಲ್ಲ, ಬರೀ ಒಂದು ಗುಂಯ್ ಎನ್ನುವ ಸದ್ದು. ಅಡಿಗೆಮನೆಯಲ್ಲಿ ಮಾತ್ರ ಮಧ್ಯಾಹ್ನಗಳಲ್ಲಿ ಕಿಂಡಿಯಿಂದ ಗೊರ್ರ್ ಎಂದು ಏರಿ, ಸ್ವಲ್ಪ ತಡೆದು, ಸುಯ್ ಎಂದು ಇಳಿಯುವ ಸದ್ದು ಬರುತ್ತಿತ್ತು. ಅಳಿಯನಿಗೆ ಅದೆಂದರೆ ಹೆಮ್ಮೆ. "ನೋಡಿ, ಮಧ್ಯಾಹ್ನ ಬಿಸಿಲೇರಿದಾಗ ಗೂಡು ಗಾಳೀನ ಜೋರಾಗಿ ಎಳೆಯುತ್ತೆ. ಮನೆ ಉಸಿರಾಡೋದು ಅಂದ್ರೆ ಇದೇ" ಎಂದು ಬಂದವರನ್ನು ಕಿಂಡಿಯ ಮುಂದೆ ಕೂರಿಸಿ ಕೇಳಿಸುತ್ತಿದ್ದ. ಟೆಲಿಫೋನಮ್ಮನಿಗೆ ಆ ಉಸಿರು ಕೇಳುವ ಭಾಗ್ಯ ಒಮ್ಮೆಯೂ ಒದಗಲಿಲ್ಲ. ಆ ಹೊತ್ತಿಗೆ ಸರಿಯಾಗಿ ಅವರಿಗೆ ನಿದ್ದೆ.

ಹೀಗಿರುವಾಗ ಒಂದು ದೊಡ್ಡ ಕೆಲಸದ ಸುಳಿವು ಸಿಕ್ಕಿತು. ಒಂದು ಟ್ರಸ್ಟಿನವರು ಹೆರಿಗೆ ಆಸ್ಪತ್ರೆ ಕಟ್ಟಿಸುವವರಿದ್ದರು. ಟ್ರಸ್ಟಿನ ಅಧ್ಯಕ್ಷೆ ಒಬ್ಬ ಹಿರಿಯ ಡಾಕ್ಟರಮ್ಮ. ವಾರ್ಡುಗಳಿಗೆ ಎಸಿ ಬೇಡ, ಗಾಳಿ ತಾನಾಗಿ ತಂಪಾಗಿ ಬರಬೇಕು ಎಂಬುದು ಅವರ ಆಸೆ. ಒಂದು ದಿನವೆಲ್ಲ ಈ ಮನೆಯಲ್ಲಿದ್ದು ನೋಡಿ ಆಮೇಲೆ ತೀರ್ಮಾನ ಹೇಳುತ್ತೇವೆ ಎಂದು ತಿಳಿಸಿದರು. ಅಳಿಯನ ಕೈಯಲ್ಲಿ ಆಗ ಬೇರೆ ಕೆಲಸವಿರಲಿಲ್ಲ. ಮಗಳು ಹಲ್ಲು ಕಿತ್ತು ಮನೆ ನಡೆಸುತ್ತಿದ್ದಳು. ಇದೂ ಕಿಂಡಿಯಿಂದಲೇ ತಿಳಿದದ್ದು.

ಟೆಲಿಫೋನಮ್ಮನಿಗೆ ಕಸಿವಿಸಿ ಶುರುವಾಯಿತು. ಆಸ್ಪತ್ರೆಯಲ್ಲೂ ಇದೇ ಕೊಳವೆ ಹಾಕಿದರೆ ಒಬ್ಬಳ ಹೆರಿಗೆ ನೋವಿನ ಕೂಗು ಎಲ್ಲ ಬಾಣಂತಿಯರ ಮಂಚದ ಕೆಳಗೂ ಏಳುತ್ತದೆ. ಅಳಿಯನಿಗೆ ಹೇಳಿಬಿಡಬೇಕು. ಆದರೆ ಹೇಳಿದ ಕೂಡಲೇ ಅವನು ಕಿಂಡಿಗೆ ಏನಾದರೂ ಮಾಡುತ್ತಾನೆ, ತಾವು ಇಷ್ಟು ದಿನ ಕೇಳಿಸಿಕೊಂಡದ್ದೂ ಬಯಲಾಗುತ್ತದೆ. ನಾಳೆ ಹೇಳಿದರಾಯಿತು ಎಂದುಕೊಂಡರು. ಮರುದಿನ ಮಗಳ ಗೆಳತಿಯ ಮಗಳು ಯಾರ ಜೊತೆಗೋ ಓಡಿಹೋದ ಸುದ್ದಿ ಅರ್ಧಕ್ಕೆ ನಿಂತಿತು. ಅದು ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡರು. ಅಷ್ಟರಲ್ಲಿ ಟ್ರಸ್ಟಿನವರು ಬರುವ ದಿನ ಬಂದೇಬಿಟ್ಟಿತು.

ಡಾಕ್ಟರಮ್ಮ ಬಂದರು. ತೆಳ್ಳಗೆ, ನೆಟ್ಟಗೆ, ಮಾತಿನಲ್ಲಿ ಕಡ್ಡಿ ಮುರಿದ ಹಾಗೆ. 'ಸ' ಬಂದಾಗಲೆಲ್ಲ ಬಾಯಿಂದ ಸಣ್ಣ ಸೀಟಿ ಹೊರಡುತ್ತಿತ್ತು. ಜೊತೆಗೆ ಟ್ರಸ್ಟಿನ ಎಂಜಿನಿಯರು. ಮಾತಿಲ್ಲ ಕಥೆಯಿಲ್ಲ, ಕೈಯಲ್ಲೊಂದು ಉಷ್ಣಮಾಪಕ ಹಿಡಿದು ಕೋಣೆ ಕೋಣೆ ಅಲೆದ. ಹೊರಗೆ ಬಿಸಿಲು ಸುಡುತ್ತಿತ್ತು, ಒಳಗೆ ಹಿತವಾಗಿತ್ತು. ಅಳಿಯನ ಮುಖ ಅರಳುತ್ತಾ ಹೋಯಿತು. ಮಗನೂ ಅದೇ ದಿನ ನೋಡಿಕೊಂಡು ಬಂದ. "ಅಮ್ಮನ ಮಂಡಿ ಹೇಗಿದೆ ನೋಡೋಣ ಅಂತ" ಎಂದ. ಗೇಟಿನಾಚೆ ಅವನ ವ್ಯಾನು ನಿಂತಿತ್ತು, ಅದರೊಳಗೆ ಚಕ್ರವಿರುವ ಒಂದು ಎಸಿ.

ಊಟವಾಯಿತು. ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತಾ, "ಸ್ವಲ್ಪ ಹೊತ್ತು ಕಾಲು ಚಾಚ್ತೀನಿ. ರೋಗಿಗಳು ಮಲಗೋರು ತಾನೆ? ಮಲಗಿ ನೋಡದೆ ಹೇಗೆ ಗೊತ್ತಾಗುತ್ತೆ?" ಎಂದರು.

"ನಮ್ಮ ಅತ್ತೆ ಕೋಣೆಗೆ ಬನ್ನಿ, ಅದೇ ಎಲ್ಲಕ್ಕಿಂತ ತಂಪು" ಎಂದ ಅಳಿಯ.

ಟೆಲಿಫೋನಮ್ಮ ದಡಕ್ಕನೆ ಅಡ್ಡ ಬಂದರು. "ನನ್ನ ಕೋಣೆ ಬೇಡ. ಅಲ್ಲಿ ತಿಗಣೆ ಇದೆ" ಎಂದುಬಿಟ್ಟರು.

ಮಗಳು ಬಾಯಿಬಿಟ್ಟು ನಿಂತಳು. "ಅಮ್ಮ, ತಿಗಣೆ ಎಲ್ಲಿದೆ ನಮ್ಮನೇಲಿ?"

"ತಿಗಣೆ ನನಗೇನು ಹೊಸದಲ್ಲ. ಸರ್ಕಾರಿ ಹಾಸ್ಟೆಲಿನಲ್ಲಿ ಓದಿದವಳು ನಾನು" ಎಂದು ಡಾಕ್ಟರಮ್ಮ ಹೋಗಿ ಮಲಗಿದರು.

ಉಳಿದವರೆಲ್ಲ ಅಡಿಗೆಮನೆಯಲ್ಲಿ ಸೇರಿದರು. ಟೆಲಿಫೋನಮ್ಮ ಮೇಜಿನ ಕೊನೆಯಲ್ಲಿ ಕೂತು ಮೈಯೆಲ್ಲ ಕಿವಿಯಾಗಿದ್ದರು. ಸ್ವಲ್ಪ ಹೊತ್ತಿಗೆ ಕಿಂಡಿಯಿಂದ ಗೊರ್ರ್ ಎಂದು ಸದ್ದು ಏರಿ ಬಂತು. ಕೊನೆಯಲ್ಲಿ ಮಾತ್ರ ಸುಯ್ ಎನ್ನುವ ಬದಲು ಸಣ್ಣ ಸೀಟಿ.

ಅಳಿಯ ಎಂಜಿನಿಯರನ್ನು ರಟ್ಟೆ ಹಿಡಿದು ಕಿಂಡಿಯ ಮುಂದೆ ಕೂರಿಸಿದ. "ಕೇಳಿ, ಮನೆಯ ಉಸಿರು. ಇವತ್ತು ಏನೋ ವಿಶೇಷ, ಸೀಟಿ ಬೇರೆ ಹೊಡೀತಿದೆ. ಗಾಳಿ ದಿಕ್ಕು ಬದಲಾಗಿರ್ಬೇಕು."

ಎಂಜಿನಿಯರು ಕಿಂಡಿಗೆ ಉಷ್ಣಮಾಪಕ ಹಿಡಿದು ಗಂಭೀರವಾಗಿ ತಲೆಯಾಡಿಸಿದ.

ಟೆಲಿಫೋನಮ್ಮನಿಗೆ ಆ ಗಳಿಗೆಯಲ್ಲಿ ಎರಡು ಸಂಗತಿ ಒಟ್ಟಿಗೆ ಹೊಳೆದವು. ಒಂದು, ಡಾಕ್ಟರಮ್ಮ ಗೊರಕೆ ಹೊಡೆಯುತ್ತಿದ್ದಾರೆ. ಇನ್ನೊಂದು, ಇಷ್ಟು ತಿಂಗಳು ಊರವರನ್ನೆಲ್ಲ ಕರೆದು ಅಳಿಯ ಕೇಳಿಸಿದ್ದು ತಮ್ಮ ಗೊರಕೆ. ಅವರಿಗೆ ಕಿವಿಯ ತುದಿ ಬಿಸಿಯಾಯಿತು. ಹೋಗಲಿ, ನಿದ್ದೆಯಲ್ಲಿರುವವರೆಗೆ ಭಯವಿಲ್ಲ ಎಂದು ಅವರು ಸಮಾಧಾನ ತಂದುಕೊಳ್ಳುವಷ್ಟರಲ್ಲಿ ಗೊರಕೆ ಫಕ್ಕನೆ ನಿಂತಿತು. ಮಂಚ ಕಿರ್ ಎಂದಿತು. ಡಾಕ್ಟರಮ್ಮ ಎದ್ದಿದ್ದಾರೆ.

ಅದೇ ಹೊತ್ತಿಗೆ ಮಗಳು ಎಂಜಿನಿಯರು ಇರುವುದನ್ನೂ ಮರೆತು ತಾಯಿಯ ಹತ್ತಿರ ಮಾತು ತೆಗೆಯಬೇಕೇ?

"ಅಲ್ಲ, ಅವರ ಹಲ್ಲು ಸೆಟ್ಟು ಯಾರು ಮಾಡಿಕೊಟ್ಟಿದ್ದೋ. ಮೇಲಿಂದು ಸರಿಯಾಗಿ ಕೂತೇ ಇಲ್ಲ. ಊಟ ಮಾಡುವಾಗ ನೋಡಿದ್ಯಾ, ಒಂದು ಕಡೆ ಎದ್ದು ಎದ್ದು ಬೀಳ್ತಿತ್ತು."

ಟೆಲಿಫೋನಮ್ಮ ಕೈ ಬಾಯಿಗೆ ಒತ್ತಿಕೊಂಡು, ತಲೆ ಅಲ್ಲಾಡಿಸಿ, ಕಣ್ಣರಳಿಸಿ ಸನ್ನೆ ಮಾಡಿದರು. ಮಗಳು ಗಾಬರಿಯಾದಳು.

"ಏನಮ್ಮ, ಹಲ್ಲು ನೋವಾ? ತೆಗಿ ಬಾಯಿ."

ಟೆಲಿಫೋನಮ್ಮ ಇಲ್ಲವೆಂದು ತಲೆಯಾಡಿಸಿ ಬೆರಳನ್ನು ಕಿಂಡಿಯತ್ತ ತೋರಿಸಿದರು. ಮಗಳು ಬೆರಳು ನೋಡದೆ ಬಾಯಿ ನೋಡಿದಳು. ಗದ್ದ ಹಿಡಿದು ಬಾಯಿ ತೆರೆಸಿ, ಗಂಡನ ಕೈಗೆ ಮೊಬೈಲು ಕೊಟ್ಟು ಬೆಳಕು ಬಿಡಿಸಿದಳು. "ದವಡೆ ಸರಿಯಾಗೇ ಇದೆ. ಆ ಅನ್ನು."

"ಆ" ಎಂದರು ಟೆಲಿಫೋನಮ್ಮ. ಅದನ್ನು ಬಿಟ್ಟು ಬೇರೇನೂ ಅನ್ನಲು ಆಗುತ್ತಿರಲಿಲ್ಲ.

"ಎಲ್ಲ ಈ ಕೊಳವೆ ಗಾಳಿಯಿಂದ" ಎಂದು ಮಗ ಹಿಂದಿನಿಂದ ಶುರುಮಾಡಿದ. "ಭಾವ, ವ್ಯಾನಲ್ಲಿ ಮೆಷೀನ್ ಇದೆ, ಒಳಗೆ ತರ್ಲಾ? ಆ ಯಮ್ಮ ಏಳೋದ್ರೊಳಗೆ ಮೂಲೇಲಿ ಇಟ್ಟುಬಿಡೋಣ, ಯಾರಿಗೂ ಗೊತ್ತಾಗಲ್ಲ."

"ನಿನ್ನ ಮೆಷೀನು ನಿನ್ನ ಹತ್ರಾನೇ ಇರ್ಲಿ. ನೀನೇ ಬೇಸಿಗೇಲಿ ಎರಡು ಕಂಬಳಿ ಹೊದ್ಕೊಂಡು ಮಲಗ್ತೀಯಂತೆ, ನಿನ್ನ ಹೆಂಡ್ತಿ ಹೇಳಿದ್ಲು."

"ಎರಡಲ್ಲ, ಒಂದೇ. ಇನ್ನೊಂದು ಅವಳದು."

ಟೆಲಿಫೋನಮ್ಮ ಮಗಳ ಕೈ ಕೊಡವಿ ಎದ್ದರು. ಮಂಡಿ ಚಟಕ್ಕೆಂದರೂ ಲೆಕ್ಕಿಸದೆ ಕಿಂಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಶಾಲು ಸರಿಮಾಡಿಕೊಂಡು, ಎಷ್ಟೋ ವರ್ಷಗಳಿಂದ ಬಳಸದೆ ಬಿಟ್ಟಿದ್ದ ತಮ್ಮ ಎಕ್ಸ್‌ಚೇಂಜಿನ ದನಿಯಲ್ಲಿ ಹೇಳಿದರು:

"ಕ್ಷಮಿಸಿ, ಲೈನು ಕ್ರಾಸ್ ಆಗಿದೆ. ದಯವಿಟ್ಟು ತಾವು ಕೇಳಿಸಿಕೊಂಡದ್ದನ್ನ ಲೆಕ್ಕಕ್ಕೆ ತಗೋಬೇಡಿ."

ಅತ್ತೆಗೆ ತಲೆ ಕೆಟ್ಟಿತೇ ಎಂದು ಅಳಿಯ ಹೆಂಡತಿಯ ಮುಖ ನೋಡುತ್ತಿದ್ದಾನೆ, ಕಿಂಡಿಯೊಳಗಿಂದ ಡಾಕ್ಟರಮ್ಮನ ದನಿ ಸೀಟಿ ಸಮೇತ ಬಂತು, ಅವರೂ ಆ ಕಡೆ ಕಿಂಡಿಗೇ ಬಾಯಿಟ್ಟಿರಬೇಕು.

"ಎಷ್ಟು ದಿವಸದಿಂದ ಕ್ರಾಸ್ ಆಗಿದೆ?"

ಎಂಜಿನಿಯರು ಬೆಚ್ಚಿ ಕುರ್ಚಿಯ ಮೇಲೆ ಹಾರಿ ಕೂತು ಕಾಲೆತ್ತಿಕೊಂಡ. ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಟೆಲಿಫೋನಮ್ಮ ಸುಳ್ಳು ಹೇಳಲಿಲ್ಲ.

"ನಾನು ಬಂದಾಗಿಂದ. ಮೂರು ತಿಂಗಳಾಯ್ತು."

"ನಿಮ್ಮ ಅಳಿಯನಿಗೆ ಗೊತ್ತಾ?"

"ಇಲ್ಲ. ಈಗ ಗೊತ್ತಾಯ್ತು."

ಅಳಿಯ ಮೆಲ್ಲಗೆ ನೆಲದ ಮೇಲೆ ಕೂತ. ಮೂರು ತಿಂಗಳಲ್ಲಿ ತಾನು ಆಡಿದ ಮಾತುಗಳೆಲ್ಲ ಒಂದೊಂದಾಗಿ ನೆನಪಾಗುತ್ತಿದ್ದದ್ದು ಅವನ ಮುಖದಲ್ಲೇ ಕಾಣುತ್ತಿತ್ತು. "ಅತ್ತೆ, ಅವತ್ತು ಟವೆಲ್ ವಿಷಯ…" ಎಂದ.

"ನೇರವಾಗಿ ಒಣಗಿಸ್ತಿದ್ದೀನಲ್ಲ ಆಮೇಲೆ" ಎಂದರು ಟೆಲಿಫೋನಮ್ಮ.

ಡಾಕ್ಟರಮ್ಮ ಕೋಣೆಯಿಂದ ಹೊರಬಂದಾಗ ಯಾರೂ ತಲೆಯೆತ್ತಲಿಲ್ಲ. ಅವರು ನೇರ ಮಗಳ ಎದುರು ಬಂದು ನಿಂತರು. "ಮೇಲಿಂದು ಕೂತಿಲ್ಲ ಅಂದ್ಯಲ್ಲಮ್ಮ, ನಿಜ. ಎರಡು ವರ್ಷದಿಂದ ಒದ್ದಾಡ್ತಿದ್ದೀನಿ, ನನ್ನ ಮುಂದೆ ಒಬ್ಬರೂ ಬಾಯಿಬಿಡಲಿಲ್ಲ. ಸೋಮವಾರ ಬರ್ತೀನಿ, ಸರಿ ಮಾಡಿಕೊಡು." ಆಮೇಲೆ ಅಳಿಯನ ಕಡೆ ತಿರುಗಿದರು. "ತಂಪಿಗೆ ಏನೂ ಹೇಳೋ ಹಾಗಿಲ್ಲ. ಎಷ್ಟೋ ದಿನದ ಮೇಲೆ ಮಧ್ಯಾಹ್ನ ನಿದ್ದೆ ಬಂತು. ಆದ್ರೆ ಹೆರಿಗೆ ಆಸ್ಪತ್ರೇಲಿ ಹೀಗೆ ಕೇಳಿಸಿದ್ರೆ ಮೊದಲ ಹೆರಿಗೆಗೆ ಬಂದ ಹುಡುಗೀರು ಕಿಟಕಿ ಹಾರಿ ಓಡಿಹೋಗ್ತಾರೆ. ಸದ್ದು ನಿಲ್ಲಿಸು, ಕೆಲಸ ನಿಂದು. ನಿಲ್ಲಿಸೋಕೆ ಆಗದಿದ್ರೆ ಬೇರೆಯವರನ್ನ ನೋಡ್ತೀನಿ."

ಮಗ ಗಂಟಲು ಸರಿಮಾಡಿಕೊಂಡ. "ಮೇಡಂ, ಆಪರೇಷನ್ ಥಿಯೇಟರಿಗಾದ್ರೂ ಎಸಿ ಬೇಕೇಬೇಕಲ್ಲ. ನಮ್ಮ ಅಂಗಡೀಲಿ…"

"ಬೇಕು. ಕಂಬಳಿ ಫ್ರೀಯಾಗಿ ಕೊಡ್ತೀಯಾ?" ಎಂದು ಕೇಳಿ ಡಾಕ್ಟರಮ್ಮ ಚಪ್ಪಲಿ ಹಾಕಿಕೊಂಡರು.

ಅವತ್ತು ಕತ್ತಲಾಗುವ ಮುಂಚೆ ಮಗಳು ತಾಯಿಯ ಕೋಣೆಗೆ ಬಂದು ಮಂಚದ ಅಂಚಿನಲ್ಲಿ ಕೂತಳು.

"ಎಲ್ಲಾ ಕೇಳಿಸಿಕೊಂಡ್ಯಾ?"

"ಕೇಳಿದ್ದನ್ನ ನಾನು ಹೇಳೋದಿಲ್ಲ. ಮೂವತ್ತು ವರ್ಷದ ಅಭ್ಯಾಸ."

"ಬೇರೆಯವರಿಗಲ್ಲಮ್ಮ, ನನಗೆ ಹೇಳು."

"ನೀನೇ ಆಡಿದ ಮಾತನ್ನ ನಿನಗೆ ಏನು ಹೇಳೋದು?" ಎಂದರು ಟೆಲಿಫೋನಮ್ಮ. ಆಮೇಲೆ ತಡೆಯಲಾರದೆ, "ತಲೆ ಮೇಲೆ ಹತ್ತಿ ಕೂರಲ್ಲ ಬಿಡು. ಮಂಡಿ ನೋವಿರೋಳು ಎಷ್ಟು ಮೇಲೆ ಹತ್ತಲಿ?" ಎಂದರು.

ಮಗಳಿಗೆ ಯಾವ ಮಾತೆಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದ ಮೇಲೆ ತಾಯಿಯ ಭುಜಕ್ಕೆ ತಲೆಯಿಟ್ಟು ನಗಲೂ ಆಗದೆ ಅಳಲೂ ಆಗದೆ ಕೂತಳು. ಕಿಂಡಿಯಿಂದ ಅಳಿಯ ತನ್ನ ಆಫೀಸು ಕೋಣೆಯಲ್ಲಿ, "ಹಲೋ, ಅತ್ತೆ, ಈಗ ಕೇಳಿಸ್ತಿದ್ಯಾ?" ಎಂದು ಕೇಳುತ್ತಿದ್ದದ್ದು ಬಂತು. ಅವನು ಆಗಲೇ ಕೆಲಸ ಶುರುಮಾಡಿಬಿಟ್ಟಿದ್ದ.

ಪರೀಕ್ಷೆಗೆ ಟೆಲಿಫೋನಮ್ಮನನ್ನೇ ಕೂರಿಸಿದ. ಅವರಷ್ಟು ಪಳಗಿದ ಕಿವಿ ಇನ್ನೆಲ್ಲಿ ಸಿಗಬೇಕು? ಮೊದಲು ಕೊಳವೆಗೆ ಹಳೆಯ ಕಂಬಳಿ ತುರುಕಿದ. ಸದ್ದೂ ನಿಂತಿತು, ಗಾಳಿಯೂ ನಿಂತಿತು, ಮನೆಯವರೆಲ್ಲ ಬೆಂದುಹೋದರು. ಮೊಟ್ಟೆ ಇಡುವ ರಟ್ಟಿನ ತಟ್ಟೆಗಳನ್ನು ಒಳಗೆ ಜೋಡಿಸಿದ, ಎರಡೇ ದಿನಕ್ಕೆ ಅವು ನೆನೆದು ಮುದ್ದೆಯಾದವು. ಕೊಳವೆಯ ದಾರಿಯನ್ನು ಸೊಟ್ಟಗೆ ತಿರುಗಿಸಿದ, ಆಗ ಮಾತು ಹೋಗಿ ಬರೀ ದನಿ ಉಳಿಯಿತು. ಒಂದೊಂದು ಸಲ ಸದ್ದು ತಗ್ಗಿದಾಗಲೂ ಟೆಲಿಫೋನಮ್ಮ ಕಿಂಡಿಗೆ ಇನ್ನಷ್ಟು ಹತ್ತಿರ ಬಗ್ಗುತ್ತಿದ್ದರು. ಏನೂ ಕೇಳಿಸುತ್ತಿಲ್ಲ ಎಂದು ಸುಳ್ಳು ಹೇಳಿಬಿಟ್ಟರೆ ಅಳಿಯ ಅಲ್ಲಿಗೇ ನಿಲ್ಲಿಸುತ್ತಾನೆ, ಒಂದಿಷ್ಟು ಸುದ್ದಿಯಾದರೂ ಉಳಿಯುತ್ತದೆ. ಒಂದು ದಿನ ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಮಂಚದ ಮೇಲೆ ಗಾಬರಿಯಾಗಿ ಕಣ್ಣು ಬಿಟ್ಟ ಹುಡುಗಿಯೊಬ್ಬಳ ಮುಖ ಕಣ್ಮುಂದೆ ಬಂದು, "ಇನ್ನೂ ಕೇಳಿಸ್ತಿದೆ. ಪೇಪರಿನ ಎರಡನೇ ಪುಟ ಓದ್ತಿದ್ದೀರಿ" ಎಂದು ಕೂಗಿದರು. ಕೊನೆಗೆ ಪ್ರತಿ ಕೊಳವೆಗೂ ಬೇರೆ ಬೇರೆ ದಾರಿ ಮಾಡಿ, ತಿರುವುಗಳಲ್ಲಿ ಒಳಗೋಡೆಗೆ ತೂತು ತೂತಿನ ಹಗುರ ಇಟ್ಟಿಗೆ ಕೂರಿಸಿದಾಗ ಮನೆ ಮೌನವಾಯಿತು. ಗಾಳಿ ಮಾತ್ರ ಬರುತ್ತಿತ್ತು.

ಮನಸ್ಸು ಓದುವ ವಿದ್ಯೆ ಅಂದಿಗೆ ಮುಗಿಯಿತು. ಟೆಲಿಫೋನಮ್ಮ ಈಗ ಕಾಫಿ ಬೇಕೇ ಎಂದು ಎದ್ದು ಹೋಗಿ ಕೇಳಬೇಕು. ಕೇಳಿದ ಮೇಲೆ ನಾಲ್ಕು ಮಾತು, ಆಮೇಲೆ ನಲವತ್ತು. ಹೀಗೆ ಓಡಾಡಿ ಓಡಾಡಿ ಮಂಡಿ ಮೊದಲಿಗಿಂತ ಚೆನ್ನಾಗಿ ಬಾಗತೊಡಗಿತು.

ಆಸ್ಪತ್ರೆಯ ಕೆಲಸ ಅಳಿಯನಿಗೇ ಸಿಕ್ಕಿತು. ಗೋಡೆಗಳು ಎದ್ದು, ಕೊಳವೆ ಹೂತು, ಕಿಂಡಿ ಕೂರಿಸಿದ ದಿನ ಅವನು ಅತ್ತೆಯನ್ನು ಕರೆದುಕೊಂಡು ಹೋದ. ಬಾಗಿಲಿಲ್ಲದ ವಾರ್ಡಿನಲ್ಲಿ ಸಿಮೆಂಟು ಚೀಲದ ಮೇಲೆ ಟೆಲಿಫೋನಮ್ಮ ಕೂತು ಕಿಂಡಿಗೆ ಕಿವಿಯಿಟ್ಟರು. ಕೆಲಸದವರು ಒಬ್ಬರನ್ನೊಬ್ಬರು ತಿವಿದುಕೊಂಡು ನಿಂತು ನೋಡಿದರು. ಅಳಿಯ ಕಟ್ಟಡದ ಆ ತುದಿಗೆ, ಹೆರಿಗೆ ಕೋಣೆಗೆ ಹೋದ. ಬಹಳ ಹೊತ್ತು ಕಳೆಯಿತು. ತಣ್ಣನೆ ಗಾಳಿ ಕೆನ್ನೆಗೆ ಬಡಿಯಿತೇ ಹೊರತು ಒಂದು ಪಿಸುಮಾತೂ ಬರಲಿಲ್ಲ.

ಅಳಿಯ ಬೆವರು ಒರೆಸಿಕೊಳ್ಳುತ್ತಾ ಬಂದ. "ಏನಾದ್ರೂ ಕೇಳಿಸ್ತಾ?"

"ಏನೂ ಇಲ್ಲ" ಎಂದರು. ಆಮೇಲೆ ಕಿಂಡಿಯಿಂದ ಕಿವಿ ತೆಗೆದು ಅವನ ಕಡೆ ತಿರುಗಿದರು. "ಏನು ಮಾತಾಡಿದ್ರಿ?"

"ಅದೆಲ್ಲ ಯಾಕೆ ಅತ್ತೆ, ಕೇಳಿಸಲಿಲ್ಲ ತಾನೆ? ಅಷ್ಟೇ ಬೇಕಾಗಿದ್ದು" ಎಂದು ಅವನು ಮುಖ ಕೆಂಪಗೆ ಮಾಡಿಕೊಂಡು ಕಾರಿನ ಕಡೆ ಹೊರಟ.

ಟೆಲಿಫೋನಮ್ಮ ಅವನ ಹಿಂದೆ ಹೋಗಲಿಲ್ಲ. ಹೆರಿಗೆ ಕೋಣೆಯ ಕಡೆಯಿಂದ ಕರಣೆ ಹಿಡಿದು ಬರುತ್ತಿದ್ದ ಗಾರೆ ಮೇಸ್ತ್ರಿಯನ್ನು ತಡೆದು ನಿಲ್ಲಿಸಿದರು.

"ನಮ್ಮ ಅಳಿಯಂದಿರು ಅಲ್ಲಿ ಏನು ಹೇಳ್ತಿದ್ರು?"

ಮೇಸ್ತ್ರಿ ಒಮ್ಮೆ ಕಾರಿನತ್ತ ನೋಡಿ, ದನಿ ತಗ್ಗಿಸಿದ. "ಹೇಳ್ತಿರಲಿಲ್ಲ ಅಮ್ಮ, ಹಾಡ್ತಿದ್ರು. ಕಣ್ಣು ಮುಚ್ಕೊಂಡು, ಕೈಯೆಲ್ಲ ಆಡಿಸ್ಕೊಂಡು. ನಾವು ಕೆಲಸ ನಿಲ್ಲಿಸಿ ಆಚೆಗೆ ಬಂದ್ವಿ."

"ಅಷ್ಟು ಚೆನ್ನಾಗಿತ್ತಾ?"

"ಇಲ್ಲಮ್ಮ" ಎಂದ ಮೇಸ್ತ್ರಿ.

ಟೆಲಿಫೋನಮ್ಮ ಹೋಗಿ ಕಾರಿನಲ್ಲಿ ಕೂತರು. ಮನೆ ತಲುಪುವವರೆಗೂ ಬಾಯಿಗೆ ಶಾಲು ಅಡ್ಡ ಹಿಡಿದುಕೊಂಡೇ ಇದ್ದರು. ಅಳಿಯ ಎರಡು ಸಲ, "ಹಲ್ಲು ನೋವಾ ಅತ್ತೆ?" ಎಂದು ಕೇಳಿದ.